ಹ್ಯಾಮರ್‌ಸ್ಮಿತ್ ಅಪೋಲೊದ ನೇಪಥ್ಯದಲ್ಲಿ: ಹೋಗಬಯಸುವವರಿಗೆ ಕೆಲವು ಮಾತು

ಲಂಡನ್ನಿನ ಹ್ಯಾಮರ್‌ಸ್ಮಿತ್ ಅಪೋಲೊ ರಂಗಮಂದಿರಕ್ಕೆ ನಾನು ಮೂರು ಬಾರಿ ಹೋಗಿದ್ದೇನೆ. ಅವುಗಳಲ್ಲಿ ಎರಡು ಬಾರಿ, ಹದಿಹರೆಯದಿಂದ ಕೇಳುತ್ತ ಬಂದ ರಾಕ್ ಸಂಗೀತಗಾರರನ್ನು ವೇದಿಕೆಯ ಹಿಂದೆ ಕಂಡು ಮಾತನಾಡುವ ಭಾಗ್ಯ ದೊರೆಯಿತು. ನೇಪಥ್ಯದಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕೆಂದು ನಂಬಿರುವುದರಿಂದ ಆ ತಂಡಗಳ ಹೆಸರನ್ನು ಬರೆಯುವುದಿಲ್ಲ.

ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಡಿಲಿ ಮಾರ್ಗದ ಟ್ಯೂಬ್ (ಲಂಡನ್ನಿನ ಭೂಗತ ರೈಲು) ಹಿಡಿದರೆ ಎಲ್ಲಿಯೂ ರೈಲು ಬದಲಿಸದೆ ಹ್ಯಾಮರ್‌ಸ್ಮಿತ್ ತಲುಪಬಹುದು. ಆ ಹೆಸರಿನ ನಿಲ್ದಾಣಗಳು ರಸ್ತೆಯ ಆಚೆಗೊಂದು, ಈಚೆಗೊಂದು ಎಂಬಂತೆ ಎರಡಿವೆ. ಗೆಳೆಯರನ್ನು ಕೂಡಿಕೊಳ್ಳುವವರು ಯಾವ ನಿಲ್ದಾಣವೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ಅಲ್ಲಿಂದ ಮೇಲ್ಸೇತುವೆಯ ಪಕ್ಕದ ರಂಗಮಂದಿರಕ್ಕೆ ಕೆಲವೇ ನಿಮಿಷಗಳ ನಡಿಗೆ. 1932ರಲ್ಲಿ ಗೋಮಾಂಟ್ ಪ್ಯಾಲೇಸ್ ಎಂಬ ಹೆಸರಿನಲ್ಲಿ ತೆರೆದ ಈ ಕಟ್ಟಡ ಮುಂದೆ ಹ್ಯಾಮರ್‌ಸ್ಮಿತ್ ಓಡಿಯನ್ ಎಂದು ಹೆಸರಾಯಿತು. 1973ರ ಜುಲೈ 3ರಂದು ರಾಕ್ ಗಾಯಕ ಡೇವಿಡ್ ಬೋವಿ, ತಾನು ವೇದಿಕೆಯ ಮೇಲೆ ತಾಳುತ್ತಿದ್ದ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರಕ್ಕೆ ವಿದಾಯ ಹೇಳಿದ್ದು ಇದೇ ವೇದಿಕೆಯಲ್ಲಿ. ಅದನ್ನು ತಿಳಿದು ಒಳಗೆ ಕಾಲಿಡುವಾಗ ಮೈ ಜುಮ್ಮೆನ್ನುತ್ತದೆ.

ಮೊದಲ ಸಲ ನನಗೆ ಯಾರ ಭೇಟಿಯೂ ಆಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರು ಓಡಾಡುವ ಬಾಗಿಲಾದ ಸ್ಟೇಜ್ ಡೋರ್ ಬಳಿ ಎರಡು ಗಂಟೆ ಮಳೆಯಲ್ಲಿ ನಿಂತಿದ್ದೆ. ತಂಡದವರು ಕೊನೆಯ ಹಾಡು ಮುಗಿಸಿದೊಡನೆಯೇ ವಾಹನವೇರಿ ಹೊರಟುಹೋಗಿದ್ದರು. ಬೆವರಿನಲ್ಲಿ ತೊಯ್ದು, ಕಿವಿ ಮೊರೆಯುತ್ತಿರುವ ಕಲಾವಿದರಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ವಿಶ್ರಾಂತಿಯೇ ಹೊರತು ಅಭಿಮಾನಿಗಳ ಗುಂಪಲ್ಲ. ಬಾಗಿಲಲ್ಲೇ ಕಾಯುವುದಾದರೆ ಅವರು ಸೌಂಡ್‌ಚೆಕ್‌ಗೆ, ಅಂದರೆ ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆಗೆ, ಬಂದಿಳಿಯುವ ಮಧ್ಯಾಹ್ನದ ಸಮಯ ಎಷ್ಟೋ ಮೇಲು.

ಎರಡನೆಯ ಸಲ, ಕಲಾವಿದರ ಭೇಟಿಗೆಂದು ಅಭಿಮಾನಿ ಸಂಘ ನಡೆಸಿದ ಚೀಟಿ ಎತ್ತುವಿಕೆಯಲ್ಲಿ ನನ್ನ ಹೆಸರು ಬಂದಿತ್ತು. ಟಿಕೆಟ್ಟಿನಲ್ಲಿರುವ ಹೆಸರೇ ಇರುವ ಗುರುತಿನ ಚೀಟಿಯನ್ನು ತಪ್ಪದೆ ಒಯ್ಯಿರಿ. ಕೊಡುವ ಪಾಸು ಸಾಮಾನ್ಯವಾಗಿ ಬಟ್ಟೆಯ ಸ್ಟಿಕ್ಕರ್ ಆಗಿರುತ್ತದೆ. ಅದನ್ನು ಹತ್ತಿಯ ಅಂಗಿಗೆ ಅಂಟಿಸಿಕೊಳ್ಳಿ, ಚರ್ಮದ ಜಾಕೆಟ್ಟಿಗಾದರೆ ಕಲೆ ಉಳಿಯುತ್ತದೆ. ಒಳಗಿನ ಓಣಿ ಇಕ್ಕಟ್ಟಾಗಿತ್ತು; ಗಾಲಿಗಳ ಮೇಲಿನ ಕಪ್ಪು ಪೆಟ್ಟಿಗೆಗಳನ್ನು ತಳ್ಳುತ್ತ ಕೆಲಸಗಾರರು ಎಡೆಬಿಡದೆ ಓಡಾಡುತ್ತಿದ್ದರು. ಅದು ಅವರ ದುಡಿಮೆಯ ಜಾಗವಾದ್ದರಿಂದ ಗೋಡೆಗೆ ಒತ್ತಿ ನಿಂತು ದಾರಿ ಬಿಡುವುದು ನಮ್ಮ ಕರ್ತವ್ಯ.

ನಮಗೆ ಸಿಕ್ಕಿದ್ದು ಎಂಟು ನಿಮಿಷ. ಗಿಟಾರ್ ವಾದಕರು ಚಹಾದ ಲೋಟ ಹಿಡಿದು, ದಣಿದ ಮುಖದಲ್ಲಿಯೇ ಎಲ್ಲರಿಗೂ ಕೈಕುಲುಕಿದರು. ನನ್ನ ಮುಂದಿದ್ದವರೆಲ್ಲ ಹೊಗಳಿದರು, ಅವರು ನಕ್ಕು ವಂದಿಸಿದರು. ನಾನು ಮಾತ್ರ, ಒಂದು ಹಳೆಯ ಹಾಡಿನಲ್ಲಿ ಆರನೆಯ ತಂತಿಯ ಶ್ರುತಿಯನ್ನು ಇಳಿಸಿದ್ದು ಏಕೆಂದು ಕೇಳಿದೆ. ಅವರು ಲೋಟವನ್ನು ಕೆಳಗಿಟ್ಟರು. ಆ ತುಣುಕನ್ನು ಬಾಯಲ್ಲೇ ಗುನುಗುತ್ತ, ಇಲ್ಲದ ಗಿಟಾರಿನ ಮೇಲೆ ಬೆರಳಾಡಿಸಿ ತೋರಿಸಿದರು. ಅವರ ದಣಿವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದ್ದರಿಂದ ಅವರ ಸಂಗೀತದ ಬಗ್ಗೆಯೇ ಒಂದು ಪ್ರಶ್ನೆಯನ್ನು ಸಿದ್ಧಮಾಡಿಕೊಂಡು ಹೋಗಿರೆಂದು ಒತ್ತಾಯಿಸುತ್ತೇನೆ.

ಹಸ್ತಾಕ್ಷರಕ್ಕೆ ಒಂದೇ ವಸ್ತು ಸಾಕು. ಗಾಢ ಬಣ್ಣದ ವಿನೈಲ್ ಗಾನತಟ್ಟೆಯ ಹೊದಿಕೆಯ ಮೇಲೆ ಬೆಳ್ಳಿ ಬಣ್ಣದ ಮಾರ್ಕರ್ ಚೆನ್ನಾಗಿ ಕಾಣುತ್ತದೆ, ಆದರೆ ಒಣಗಲು ಸಮಯ ಬೇಕು. ನಾನು ಆತುರದಲ್ಲಿ ಅದನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದೆ. ಹೊರಗೆ ತೆಗೆದು ನೋಡಿದಾಗ ಸಹಿಯ ಅರ್ಧ ಅಳಿಸಿಹೋಗಿತ್ತು. ಆ ನೋವು ಇಂದಿಗೂ ಇದೆ. ಮೂರನೆಯ ಸಲ ಗಟ್ಟಿ ರಟ್ಟಿನ ಲಕೋಟೆ ಒಯ್ದಿದ್ದೆ.

ಈಗ ಅನೇಕ ತಂಡಗಳು ವಿಐಪಿ ಟಿಕೆಟ್ ಮಾರುತ್ತವೆ. ಕೆಲವುಗಳಲ್ಲಿ ಸೌಂಡ್‌ಚೆಕ್ ನೋಡುವುದಷ್ಟೇ ಇದ್ದು ಭೇಟಿಯೇ ಇರುವುದಿಲ್ಲವಾದ್ದರಿಂದ ವಿವರ ಓದದೆ ಹಣ ಕಟ್ಟಬೇಡಿ. ಹೊರಗೆ ಯಾರೋ ಮಾರುವ ಪಾಸನ್ನಂತೂ ಕೊಳ್ಳಲೇಬೇಡಿ. ತಡವಾಗಿ ಹಿಂದಿರುಗುವವರು ನೆನಪಿಡಿ, ಪಿಕಡಿಲಿ ಮಾರ್ಗದಲ್ಲಿ ರಾತ್ರಿಯಿಡೀ ರೈಲು ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ.

ಭೇಟಿ ಮುಗಿದ ಮೇಲೆ, ಕಾರ್ಯಕ್ರಮಕ್ಕೆ ಸಮಯವಿದ್ದರೆ, ರಂಗಮಂದಿರವಿರುವ ರಸ್ತೆಯಲ್ಲಿಯೇ ಥೇಮ್ಸ್ ನದಿಯ ದಂಡೆಗೆ ನಡೆದು ಹೋಗಿ, ಕೇಳಿದ ಮಾತನ್ನು ಅಲ್ಲಿಯೇ ಬರೆದಿಡಿ. ಹ್ಯಾಮರ್‌ಸ್ಮಿತ್ ಸೇತುವೆಯ ಬಳಿ ಕುಳಿತು ಟಿಕೆಟ್ಟಿನ ಹಿಂಬದಿಯಲ್ಲಿ ನಾನು ಬರೆದ ನಾಲ್ಕು ಸಾಲು, ಆ ಅರ್ಧ ಸಹಿಯ ಜೊತೆಗೇ ಇದೆ.