ಕಾಫಿ ಲೋಟ ಜಾರಿದ ಬೆಳಿಗ್ಗೆ

ನಮ್ಮ ಚಿಕ್ಕಪ್ಪನಿಗೆ ಲಕ್ವ ಹೊಡೆದು ಇವತ್ತಿಗೆ ಒಂದು ವರ್ಷ. ಅವತ್ತು ಬೆಳಿಗ್ಗೆ 6 ಗಂಟೆಗೆ ಬಲಗೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಬಿಪಿ ಇರಬೇಕು ಎಂದು ಚಿಕ್ಕಮ್ಮ ಮಲಗಿಸಿದರು. ಪಕ್ಕದ ಮನೆಯವರು ಬಂದು ಕೈಗೆ ಎಣ್ಣೆ ತಿಕ್ಕಿದರು. ಇನ್ಯಾರೋ ನಾಟಿ ಔಷಧಿ ಕೊಡುವ ಊರಿನ ದಾರಿ ಹೇಳಿದರು. ತಾಲ್ಲೂಕು ಆಸ್ಪತ್ರೆ ತಲುಪಿದಾಗ ಎಂಟೂವರೆ. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಹನ್ನೊಂದೂಕಾಲು.

ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ವ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮಗೆ ಆಗಲೇ ಐದೂಕಾಲು ತಾಸು ಕಳೆದಿತ್ತು. ಸ್ಕ್ಯಾನ್ ಮಾಡದೆ ಕೊಡುವ ಹಾಗೂ ಇಲ್ಲ. ಲಕ್ವ ಮೆದುಳಿನ ರಕ್ತನಾಳ ಕಟ್ಟಿಕೊಂಡೂ ಆಗುತ್ತದೆ, ಒಡೆದೂ ಆಗುತ್ತದೆ. ಒಡೆದಿದ್ದರೆ ಇದೇ ಔಷಧಿ ಜೀವ ತೆಗೆಯಬಹುದು. ಡಾಕ್ಟರ್ ಮೊದಲು ಕೇಳಿದ್ದು, "ಕೊನೆಗೆ ಎಷ್ಟು ಹೊತ್ತಿಗೆ ಚೆನ್ನಾಗಿದ್ದರು?" ನಿದ್ದೆಯಲ್ಲೇ ಆಗಿದ್ದರೆ ಲೆಕ್ಕ ರಾತ್ರಿ ಮಲಗಿದ ಹೊತ್ತಿನಿಂದಲೇ ಶುರುವಂತೆ.

ಚಿಕ್ಕಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನನಗೂ ಅಷ್ಟೇ. ಎದೆನೋವು ಅಂದರೆ ಎದ್ದುಬಿದ್ದು ಓಡುತ್ತೇವೆ. ಲಕ್ವಕ್ಕೆ ಎಷ್ಟೋ ಸಲ ನೋವೇ ಇರುವುದಿಲ್ಲ. ಅದಕ್ಕೇ ನೋಡೋಣ, ಸರಿಹೋಗುತ್ತೆ ಎಂದು ಕಾಯುತ್ತೇವೆ, ಅಲ್ವಾ?

ದಯವಿಟ್ಟು ಕಾಯಬೇಡಿ. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಿ.

ಚಿಕ್ಕಪ್ಪ ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ. ನಿನ್ನೆ ಫೋನಿನಲ್ಲಿ ನನ್ನ ಹೆಸರು ಹೇಳಲು ಮೂರು ಸಲ ಪ್ರಯತ್ನಪಟ್ಟರು. ಮೂರನೇ ಸಲ ಬಂತು.