ಮಗುವಿನ ಕತ್ತಿಂದು ಒಂದು ಎಕ್ಸ್-ರೇ ತೆಗೆಸಿಬಿಟ್ರೆ ನಿಶ್ಚಿಂತಿ ಅಲ್ರೀ?

ಅಲ್ಲ. ಬಳ್ಳಾರಿಯಿಂದ ಸಿಂಧನೂರಿನವರೆಗೆ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳ ಮನೆಯವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಗಂಟಲು ಒಣಗಿದೆ, ಓದಿಕೊಳ್ಳಿ.

ಕತ್ತಿನ ಮೊದಲ ಮೂಳೆ ಉಂಗುರದ ಹಾಗಿದೆ. ಎರಡನೆಯದರ ಗೂಟ ಅದರೊಳಗೆ ನಿಂತಿರುತ್ತದೆ. ಗೂಟ ಹಿಂದೆ ಸರಿದು ಬೆನ್ನುಹುರಿಯನ್ನು ಒತ್ತದಂತೆ ತಡೆಯುವುದು ಒಂದು ಅಡ್ಡಪಟ್ಟಿ, ಅಂದರೆ ಮೂಳೆಗಳನ್ನು ಬಿಗಿಹಿಡಿಯುವ ಲಿಗಮೆಂಟ್. ಈ ಮಕ್ಕಳಿಗೆ ಮೈಯ ಪಟ್ಟಿಗಳೆಲ್ಲ ಸಡಿಲ, ಇದೂ ಸಡಿಲ. ಉಂಗುರಕ್ಕೂ ಗೂಟಕ್ಕೂ ನಡುವಿನ ಸಂದು 5 ಮಿ.ಮೀ. ದಾಟಿದರೆ ಅನುಮಾನ. ಆದರೆ ಸಂದು ಅಗಲವಿದ್ದವರಲ್ಲೂ ಬಹುತೇಕರಿಗೆ ಏನೂ ಆಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗುವುದು ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ. ಮೂರು ವರ್ಷದೊಳಗೆ ಮೂಳೆ ಪೂರ್ತಿ ಬಲಿತಿರುವುದಿಲ್ಲ, ಚಿತ್ರ ನಂಬುವಂತಿಲ್ಲ. ಇವತ್ತು ಸರಿಯಿದ್ದದ್ದು ನಾಲ್ಕು ವರ್ಷದ ಮೇಲೂ ಸರಿಯಿರುತ್ತದೆಂಬ ಖಾತ್ರಿಯೂ ಇಲ್ಲ. ಲಕ್ಷಣವಿಲ್ಲದ ಮಗುವಿಗೆ ಸುಮ್ಮನೆ ಎಕ್ಸ್-ರೇ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ.

'ನಿಶ್ಚಿಂತಿ' ಅನ್ನುವ ಮಾತೇ ನನಗಾಗದು. ಫಿಲ್ಮು ಕಪಾಟಿಗೆ ಹೋಗುತ್ತದೆ, ಮಗುವನ್ನು ನೋಡುವವರಿಲ್ಲ.

'ಮನ್ಯಾಗ ಏನ್ ನೋಡ್ಬೇಕ್ರಿ?' ಅಂತ ಯಾಕೆ ಯಾರೂ ಕೇಳುವುದಿಲ್ಲ? ಕತ್ತು ಒಂದೇ ಕಡೆ ವಾಲಿದೆಯೇ, ತಿರುಗಿಸಿದರೆ ಅಳುತ್ತದೆಯೇ. ನಡೆಯುತ್ತಿದ್ದ ಮಗು ಎಡವಿ ಬೀಳತೊಡಗಿತೇ, ಎತ್ತಿಕೋ ಅನ್ನುತ್ತಿದೆಯೇ. ಲೋಟ ಕೈಜಾರುತ್ತಿದೆಯೇ. ಚಡ್ಡಿ ಒದ್ದೆ ಮಾಡುವುದನ್ನು ಬಿಟ್ಟ ಮಗು ಮತ್ತೆ ಶುರುಮಾಡಿದರೆ ಅದು ಹಟವಲ್ಲ. ಎಲ್ಲಕ್ಕಿಂತ ಮೋಸದ್ದು ಇನ್ನೊಂದು: ಹುಟ್ಟಿನಿಂದ ಮೆತ್ತಗಿದ್ದ ಕಾಲು ಬಿಗಿಯಾಗುತ್ತದೆ, ಮನೆಯವರು 'ಕಾಲಿಗೆ ಶಕ್ತಿ ಬಂತು' ಎಂದು ಖುಷಿಪಡುತ್ತಾರೆ. ಶಕ್ತಿಯಲ್ಲ, ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿದೆ.

ಆಗ ಎಕ್ಸ್-ರೇ ಬೇಕು, ಅವತ್ತೇ ಬೇಕು. ಬೈಕಿನಲ್ಲಿ ತರಬೇಡಿ, ತಲೆ ನೇರವಾಗಿರಲಿ. ಮೊದಲು ಕತ್ತು ನೆಟ್ಟಗಿಟ್ಟು ಒಂದೇ ಫಿಲ್ಮು. ಅದರಲ್ಲೇ ಕೆಟ್ಟದ್ದು ಕಂಡರೆ ಬಗ್ಗಿಸಿ ತೆಗೆಯುವಂತಿಲ್ಲ, ನೇರ ನ್ಯೂರೋಸರ್ಜನ್ ಬಳಿಗೆ. ಸರಿಯಿದ್ದರೆ ಮಾತ್ರ ಬಗ್ಗಿಸುವ ಫಿಲ್ಮು, ಅದೂ ಮಗು ತಾನಾಗಿ ಬಗ್ಗಿದಷ್ಟೇ. ಅಪ್ಪ ತಲೆ ಅದುಮಿ 'ಹ್ಞಾಂ, ತೆಗೀರಿ' ಅನ್ನುವುದು ಬೇಡ. ಬೆನ್ನುಹುರಿ ನೋಡಲು ಎಂಆರ್‌ಐ. ಆಪರೇಷನ್ ಅಂದರೆ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆಯುವುದು. ಕತ್ತು ತಿರುಗುವುದು ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಡವಾದರೆ ಹೋದ ಬಲ ಪೂರ್ತಿ ಮರಳದಿರಬಹುದು.

ಟಾನ್ಸಿಲ್, ಹಲ್ಲು, ಹೃದಯ, ಯಾವ ಆಪರೇಷನ್ನಾದರೂ ಅರಿವಳಿಕೆ ವೈದ್ಯರಿಗೆ ನೀವೇ ಹೇಳಿ: ಡೌನ್ ಸಿಂಡ್ರೋಮ್ ಇದೆ, ಕತ್ತು ಹಿಂದಕ್ಕೆ ಬಾಗಿಸಬೇಡಿ. ಆಟ ಬಿಡಿಸಬೇಡಿ, ಲಾಗ ಹಾಕಿಸಬೇಡಿ. ಎಣ್ಣೆ ಹಚ್ಚಿ ಎರೆಯುವಾಗ ತಲೆ ಹಿಡಿದು ಎತ್ತುವುದು, ಕಟಿಂಗ್ ಅಂಗಡಿಯಲ್ಲಿ ಕತ್ತು ಲಟಕ್ಕನೆ ತಿರುವಿಸುವುದು, ಎರಡೂ ಬಂದ್.