ಮುಳ್ಳು ಚುಚ್ಚಿದ್ದು ಗೊತ್ತೇ ಆಗಲಿಲ್ಲ

ಕಾರ್ತಿಕ ಸೋಮವಾರ ಅಕ್ಕನ ಜೊತೆ ಅಂತರಗಂಗೆಗೆ ಹೋಗಿದ್ದೆ. ಹರಕೆ ಇತ್ತು, ಬರಿಗಾಲಲ್ಲೇ ಮೆಟ್ಟಿಲು ಹತ್ತಿದೆವು. ಮೇಲೆ ಕಾಲು ತೊಳೆಯುವಾಗ ಅಕ್ಕ, "ಅಯ್ಯೋ, ರಕ್ತ ಕಣೇ!" ಎಂದಳು. ಎಡಗಾಲಿನ ಹೆಬ್ಬೆರಳ ಕೆಳಗೆ ಜಾಲಿಮುಳ್ಳಿನ ತುದಿ ಮುರಿದು ಕೂತಿತ್ತು. ಚುಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ರಾತ್ರಿಯಾದರೆ ಅದೇ ಕಾಲು ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಐದಾರು ತಿಂಗಳಿಂದ ಅಂಗಾಲು ಉರಿ, ಬೆರಳುಗಳಲ್ಲಿ ಜುಮುಜುಮು. ಹೊದಿಕೆ ತಾಕಿದರೂ ಆಗುತ್ತಿರಲಿಲ್ಲ. ಉಷ್ಣ ಇರಬೇಕು ಅಂತ ಹರಳೆಣ್ಣೆ ತಿಕ್ಕಿ, ತಣ್ಣನೆಯ ನೆಲಕ್ಕೆ ಕಾಲು ಒತ್ತಿಕೊಂಡು ಮಲಗುತ್ತಿದ್ದೆ. ಹಿಂದಿನ ವರ್ಷ ಖಾಲಿ ಹೊಟ್ಟೆಯ ಶುಗರ್ 112 ಬಂದಿತ್ತು. "ಬಾರ್ಡರ್‌ನಲ್ಲಿದೆ, ಅಷ್ಟೇ" ಅಂದಿದ್ದರು. ಅಲ್ಲಿಗೆ ಮರೆತುಬಿಟ್ಟೆ.

ಈ ಸಲ ನೋಡಿದ ಡಾಕ್ಟರಮ್ಮ ಮೊದಲು ಚಪ್ಪಲಿ ಬಿಚ್ಚಿಸಿದರು. ಕಣ್ಣು ಮುಚ್ಚಿಸಿ, ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ತಟ್ಟಿ ಹೆಬ್ಬೆರಳ ಮೇಲಿಟ್ಟರು. "ಗುಂಯ್ ಅನ್ನೋದು ನಿಂತಾಗ ಹೇಳಿ." ಅದು ಚೆನ್ನಾಗಿ ತಿಳಿಯಿತು. ಆಮೇಲೆ ಸೂಜಿಮೊನೆ. ಮೊಣಕಾಲ ಹತ್ತಿರ ಚುರ್ ಎಂದಿದ್ದು, ಕೆಳಗಿಳಿದಂತೆ ಮಂಕಾಗುತ್ತಾ ಬಂತು. ಬೆರಳ ತುದಿಗೆ ಬಂದಾಗ ಬರೀ ಮುಟ್ಟಿದ ಹಾಗಿತ್ತು. ಕಣ್ಣು ಮುಚ್ಚಿಕೊಂಡಿದ್ದ ಹಾಗೇ ಅಳು ಬಂತು.

ಶುಗರ್ ಏರಿದಾಗ ನೋವು, ಬಿಸಿ ತಿಳಿಸುವ ಸಣ್ಣ ನರಗಳಿಗೇ ಹೆಚ್ಚಾಗಿ ಮೊದಲು ಏಟು ಬೀಳುವುದಂತೆ. ಕಾಲ್ಬೆರಳಿಗೆ ಹೋಗುವ ನರಗಳೇ ಎಲ್ಲಕ್ಕಿಂತ ಉದ್ದ, ಅದಕ್ಕೇ ತೊಂದರೆ ಅಲ್ಲಿಂದ ಶುರು. ನರಕ್ಕೆ ಕರೆಂಟ್ ಕೊಟ್ಟು ಮಾಡುವ ಪರೀಕ್ಷೆ ದೊಡ್ಡ ನರಗಳನ್ನು ನೋಡುತ್ತದೆ. ಅದು ಸರಿ ಬಂದರೂ ಸಣ್ಣವು ಕೆಟ್ಟಿರಬಹುದು ಎಂದರು. ಬಿ12, ಥೈರಾಯ್ಡ್ ನೋಡಿಸಿದರು, ಸರಿಯಿದ್ದವು. ಇನ್ನೊಂದು ಬೆಳಗ್ಗೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ 2 ಗಂಟೆ ಕೂರಿಸಿದರು. 178 ಬಂತು. 140ರ ಒಳಗಿರಬೇಕು, 200 ಮುಟ್ಟಿದರೆ ಡಯಾಬಿಟಿಸ್. ನನ್ನದು ನಡುವೆ, ಅಂದರೆ ಈಗಲೂ ಬಾರ್ಡರ್‌ನಲ್ಲೇ.

ಬಾರ್ಡರ್ ಅಂದರೆ ಏನೂ ಇಲ್ಲ ಅಂತ ಅಲ್ವಾ ನಾವೆಲ್ಲ ತಿಳಿದಿರೋದು? ಬಾರ್ಡರ್‌ನಲ್ಲಿದ್ದಾಗಲೇ ನರಕ್ಕೆ ಪೆಟ್ಟಾಗಬಹುದು ಅಂತ ಅವತ್ತು ಒಂದು ಮಾತು ಹೇಳಿದ್ದರೆ ನಾನು ಇಡೀ ವರ್ಷ ಸುಮ್ನೆ ಕೂರುತ್ತಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಮುದ್ದೆ ಚಿಕ್ಕದಾಗಿದೆ, ಸೊಪ್ಪು-ಕಾಳು ಜಾಸ್ತಿಯಾಗಿದೆ. ಸಂಜೆ ಕೋಲಾರಮ್ಮ ಕೆರೆ ಕಡೆ ನಡೆಯುತ್ತೇನೆ. ಮನೆಯೊಳಗೂ ಚಪ್ಪಲಿ. ಉರಿ ಪೂರ್ತಿ ಹೋಗಿಲ್ಲ, ಕೆಲವು ರಾತ್ರಿ ಕಡಿಮೆ ಇರುತ್ತದೆ. ಮಲಗುವ ಮುಂಚೆ ಪುಟ್ಟ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಮುಳ್ಳು ಚುಚ್ಚಿದ ಕಡೆ ಇನ್ನೂ ಕಪ್ಪು ಚುಕ್ಕೆಯಿದೆ. ಅಕ್ಕ ಫೋನ್ ಮಾಡಿದರೆ ಊಟ ಆಯ್ತಾ ಅಂತಲೂ ಕೇಳಲ್ಲ, "ಕಾಲು ನೋಡ್ಕೊಂಡ್ಯಾ?" ಅಂತಾಳೆ.